ಒಂದು ದಿನದ ವಿಜಾಪುರ

ಬಾಲಗಾಂವ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಗಡಿಯಂಚಿನ ಊರು. ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಈ ಭಾಗದ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಲ್ಲಿ ಸಹಲ (ಶಾಲೆಯ ಪ್ರವಾಸ) ಎಂದರೆ ಬಹುಕಾಲ ಒಂದೇ ಊರಿನ ಹೆಸರು ಬರುತ್ತಿತ್ತು. ಅದು ವಿಜಾಪುರ, 2014ರ ನವೆಂಬರ್ 1ರಿಂದ ಕಾಗದದ ಮೇಲೆ ವಿಜಯಪುರ. ಬೆಳಗಿನ ಜಾವ ಎಸ್‌ಟಿ ಬಸ್ಸು ಹತ್ತಿ, ಸಂಜೆಯೊಳಗೆ ಆದಿಲಶಾಹಿಗಳ ಇನ್ನೂರು ವರ್ಷಗಳ ರಾಜಧಾನಿಯನ್ನು ಮುಗಿಸಿ, ರಾತ್ರಿ ಊಟದ ಹೊತ್ತಿಗೆ ಮನೆ ಸೇರುವ ಸಹಲ ಅದು. ಇಲ್ಲಿ ಹೇಳುವುದು 1980ರ ದಶಕದ ಅಂಥ ಒಂದು ದಿನದ ಸಂಗತಿ.

ಅದು ನೆನಪಾಗಲು ಕಾರಣ ಒಂದು ಪಟ್ಟಿ. 2019ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ, ಮುಂದಿನ ವರ್ಷಕ್ಕೆಂದು ಜಗತ್ತಿನ 25 ಅಪಾಯದಂಚಿನ ತಾಣಗಳನ್ನು ಹೆಸರಿಸಿತು. ಅದರಲ್ಲಿ ವಿಜಾಪುರದ ಹೆಸರೂ ಇತ್ತು. ಆದರೆ ಅಲ್ಲಿದ್ದದ್ದು ಗೋಳಗುಮ್ಮಟವಲ್ಲ, ಇಬ್ರಾಹಿಂ ರೋಜಾವೂ ಅಲ್ಲ, ಸುರಂಗ ಬಾವಡಿ. ಬಾಲಗಾಂವದ ಕಡೆಯಿಂದ ವಿಜಾಪುರ ನೋಡಿ ಬಂದಿದ್ದ ಒಂದು ತಲೆಮಾರಿನ ಹೆಚ್ಚಿನವರಿಗೆ ಆ ಹೆಸರೇ ಹೊಸದು. ಊರನ್ನೆಲ್ಲ ನೋಡಿದ್ದೇವೆ ಎಂದುಕೊಂಡವರು ಏನು ನೋಡಿದ್ದರು ಎಂಬುದನ್ನು ಕ್ರಮವಾಗಿ ಹೇಳಬಹುದು.

ಮೊದಲು ಜತ್ತಕ್ಕೂ ವಿಜಾಪುರಕ್ಕೂ ಇರುವ ನಂಟಿನ ವಿಷಯ. ಜತ್ತದ ಡಫಳೆ ಮನೆತನದವರು ಆದಿಲಶಾಹಿ ದರಬಾರಿನ ಸರದಾರರು. ಜತ್ತದ ದೇಶಮುಖಿ ಅವರಿಗೆ ವಿಜಾಪುರದಿಂದಲೇ ಬಂದದ್ದು. ಮುಂದೆ ಬ್ರಿಟಿಷರ ಕಾಲದಲ್ಲಿ ಜತ್ತ ಸಣ್ಣದೊಂದು ಸಂಸ್ಥಾನವಾಗಿ ಉಳಿದು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಕೂಡಿಕೊಂಡಿತು. ವಿಜಾಪುರವೂ ಆಗ ಅದೇ ಪ್ರಾಂತದಲ್ಲಿತ್ತು. 1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು, ಜತ್ತ ಅಲ್ಲಿಯೇ ಉಳಿಯಿತು. ಸರಕಾರದ ಕೆಲಸಕ್ಕೆ ಜತ್ತ, ಸಾಂಗ್ಲಿ. ಬದುಕಿನ ಕೆಲಸಕ್ಕೆ ವಿಜಾಪುರ. ಸಾಂಗ್ಲಿಗೆ ಹೋಗಿಬರುವುದು ಒಂದು ದಿನದ ದಂಡ, ವಿಜಾಪುರ ಅದಕ್ಕಿಂತ ಎಷ್ಟೋ ಹತ್ತಿರ. ಹೆಣ್ಣು ಕೊಟ್ಟು ತಂದ ಮನೆಗಳು ಆ ಕಡೆಯವು. ದೊಡ್ಡಾಸ್ಪತ್ರೆ ಆ ಕಡೆಯದು. ಮದುವೆ ಜವಳಿ, ಬಂಗಾರ, ಬಿತ್ತನೆ ಬೀಜ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ದನದ ಪೇಟೆ ಎಲ್ಲವೂ ಆ ಕಡೆಯವೇ.

ಹೀಗಾಗಿ ಸಹಲಕ್ಕೆ ಹೊರಟ ಮಕ್ಕಳಲ್ಲಿ ಕೆಲವರು ವಿಜಾಪುರವನ್ನು ಆಗಲೇ ಬಲ್ಲವರು. ಅಜ್ಜಿಯ ಕಣ್ಣಿನ ಪೊರೆ ತೆಗೆಸಲು ಬಂದು ದವಾಖಾನೆಯ ಕಟ್ಟೆಯ ಮೇಲೆ ರಾತ್ರಿ ಕಳೆದವರಿದ್ದರು. ಎತ್ತು ಮಾರಲು ಅಪ್ಪನ ಜೊತೆ ಬಂದು ಜಾತ್ರೆಯಲ್ಲಿ ತೊಟ್ಟಿಲು ಆಡಿದವರಿದ್ದರು. ಆ ಓಡಾಟದಲ್ಲಿ ಗೋಳಗುಮ್ಮಟ ದೂರದಿಂದ ಕಾಣುತ್ತಿತ್ತು, ಅಷ್ಟೇ. ದಾರಿಯಲ್ಲಿ ಅದು ಮೊದಲು ಕಂಡಾಗ ಬಸ್ಸಿನ ಹಿರಿಯರು ಚೀಲ ಸರಿಮಾಡಿಕೊಳ್ಳಲು ತೊಡಗುತ್ತಿದ್ದರು: ಊರು ಬಂತು. ಅದರೊಳಗೆ ಹೋಗಿ ನೋಡಬೇಕೆಂದು ಯಾರಿಗೂ ಅನಿಸಿದ್ದಿಲ್ಲ. ಹಿರಿಯರು ಹುಡುಕಿಕೊಂಡು ಹೋಗುತ್ತಿದ್ದದ್ದು ಸಿದ್ಧೇಶ್ವರ ಗುಡಿಗೆ, ಇಲ್ಲವೆ ಜ್ಞಾನಯೋಗಾಶ್ರಮದ ಪ್ರವಚನಕ್ಕೆ. 2023ರ ಜನವರಿ 2ರಂದು ಆ ಆಶ್ರಮದ ಸಿದ್ಧೇಶ್ವರ ಸ್ವಾಮಿಗಳು ತೀರಿಕೊಂಡಾಗ ಗಡಿಯಾಚೆಯ ಹಳ್ಳಿಗಳಿಂದ ವಿಜಯಪುರಕ್ಕೆ ಹರಿದುಹೋದ ಜನ ಆ ಹಳೆಯ ದಾರಿಯವರೇ.

ಸಹಲದ ವಿಜಾಪುರ ಇದಕ್ಕೆ ಸಂಬಂಧವಿಲ್ಲದ ಇನ್ನೊಂದು ಊರು. ಅದು ಸತ್ತ ಸುಲ್ತಾನರ ಊರು. ನಕಾಶೆಯನ್ನು ಗುರೂಜಿ ಹಿಂದಿನ ದಿನವೇ ಹಲಗೆಯ ಮೇಲೆ ಬರೆದಿಡುತ್ತಿದ್ದರು: ಗೋಳಗುಮ್ಮಟ, ಜುಮ್ಮಾ ಮಸೀದಿ, ಅಸರ ಮಹಲ, ಬಾರಾ ಕಮಾನ, ಗಗನ ಮಹಲ, ಮುಲ್ಕ್ ಮೈದಾನ ತೋಪು, ಉಪಲಿ ಬುರುಜು, ಇಬ್ರಾಹಿಂ ರೋಜಾ. ಊರನ್ನು ಪೂರ್ವದಿಂದ ಪಶ್ಚಿಮಕ್ಕೆ ಸೀಳಿಕೊಂಡು ಹೋಗುವ ಈ ಕ್ರಮ ಗೈಡುಗಳದು, ಟಾಂಗಾದವರದು. ಇಂದಿಗೂ ಒಂದು ದಿನದ ಪ್ರವಾಸಿಗರು ಹಿಡಿಯುವುದು ಇದನ್ನೇ.

ಮನೆಮನೆಯ ಬುತ್ತಿ ಹಿಂದಿನ ರಾತ್ರಿ ತಯಾರಾಗುತ್ತಿತ್ತು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಜುಣಕದ ವಡಿ. ಅನುಕೂಲವಿದ್ದವರ ಬುತ್ತಿಯಲ್ಲಿ ಶೇಂಗಾ ಹೋಳಿಗೆ. ಸಹಲದ ಪಟ್ಟಿಯ ದುಡ್ಡು ಕೊಡಲಾಗದೆ ಊರಲ್ಲೇ ಉಳಿದವರೂ ಇದ್ದರು. ಹೆಣ್ಣುಮಕ್ಕಳಲ್ಲಿ ಅರ್ಧಕ್ಕರ್ಧ ಮಂದಿಯನ್ನು ಮನೆಯವರು ಕಳಿಸಲಿಲ್ಲ. ಹೊರಟ ಮಕ್ಕಳ ಮೊದಲ ಬೆರಗು ಗುಮ್ಮಟವಲ್ಲ, ಅಂಗಡಿಗಳ ಬೋರ್ಡು. ಜತ್ತದ ಪೇಟೆಯಲ್ಲಿ ಎಲ್ಲವೂ ಮರಾಠಿ. ಎಸ್‌ಟಿಯ ಮೇಲಿನ ಊರ ಹೆಸರೂ ದೇವನಾಗರಿಯಲ್ಲಿ. ಗಡಿ ದಾಟಿದೊಡನೆ ಸಾಲಾಗಿ ಕನ್ನಡ. ಹಿಟ್ಟಿನ ಗಿರಣಿ, ಸೈಕಲ್ ದುರಸ್ತಿ, ಕ್ಷೌರದಂಗಡಿ ಎಂದು ಬಸ್ಸಿನ ಕಿಟಕಿಯಿಂದ ಒಬ್ಬೊಬ್ಬರೂ ಗಟ್ಟಿಯಾಗಿ ಓದುತ್ತಿದ್ದರು. ಪಾಠದ ಪುಸ್ತಕದಲ್ಲಿ ಮಾತ್ರ ಇದ್ದ ಅಕ್ಷರ ಪೇಟೆಯಲ್ಲಿ ಬದುಕಿರುವುದನ್ನು ಅವರು ಕಂಡದ್ದು ಅಲ್ಲಿಯೇ.

ಗೋಳಗುಮ್ಮಟಕ್ಕೆ ದಿನದ ಹೆಚ್ಚಿನ ಹೊತ್ತು ಹೋಗುತ್ತಿತ್ತು. ಅದು ಮಹಮ್ಮದ್ ಆದಿಲಶಹನ ಗೋರಿ. ಅವನು ಆಳಿದ್ದು 1627ರಿಂದ 1656ರವರೆಗೆ. ಕಟ್ಟಡದ ಹೊಣೆ ಹೊತ್ತವನು ದಾಭೋಳದ ಯಾಕೂತ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್, ಒಳವ್ಯಾಸ ಸುಮಾರು 38 ಮೀಟರ್. ಕೆಳಗೆ ಕಂಬವಿಲ್ಲದ ಹದಿನೆಂಟು ಸಾವಿರ ಚದರ ಅಡಿಯ ಒಂದೇ ಕೋಣೆ. ನಡುಗಟ್ಟೆಯ ಮೇಲೆ ಸುಲ್ತಾನ, ಅವನ ಬೇಗಂಗಳು, ಮಗಳು, ಮೊಮ್ಮಗ, ರಂಭಾ ಎಂಬ ನರ್ತಕಿ, ಇವರ ತೋರುಗೋರಿಗಳಿವೆ. ನಿಜವಾದ ಗೋರಿಗಳು ನೆಲಮಾಳಿಗೆಯಲ್ಲಿ. ಗೈಡುಗಳು ರಂಭಾಳ ಕಥೆಯನ್ನು ಅರ್ಧ ತಾಸು ಹೇಳುತ್ತಿದ್ದರು. ಗುಮ್ಮಟ ನಿಂತದ್ದು ಹೇಗೆ ಎಂಬುದಕ್ಕೆ ಮಾತ್ರ ಅವರಲ್ಲಿ ಒಂದೇ ವಾಕ್ಯ: "ಒಂದೂ ಕಂಬ ಇಲ್ಲ ನೋಡ್ರಿ."

ಕಂಬ ಇಲ್ಲದಿದ್ದರೂ ಗುಮ್ಮಟ ನಿಂತ ಬಗೆ ಮಕ್ಕಳಿಗೆ ತಿಳಿಯದಷ್ಟು ಕಠಿಣವಲ್ಲ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿಟ್ಟರೆ ಎಂಟು ಮೂಲೆಯ ನಕ್ಷತ್ರ ಬರುತ್ತದೆ. ಆ ಗೆರೆಗಳ ಮೇಲೆ ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳನ್ನು ಎತ್ತಿದರೆ ಚೌಕದ ಕೋಣೆಯ ಮೇಲ್ತುದಿ ವೃತ್ತದ ಹತ್ತಿರ ಬರುತ್ತದೆ. ಕಮಾನುಗಳ ನಡುವಿನ ಗೋಡೆ ಒಳಕ್ಕೆ ಚಾಚಿಕೊಳ್ಳುತ್ತದೆ. ಗುಮ್ಮಟ ತನ್ನ ಭಾರದಿಂದ ಹೊರಕ್ಕೆ ಒತ್ತುತ್ತದೆ, ಚಾಚಿದ ಈ ಭಾಗ ತನ್ನ ಭಾರದಿಂದ ಒಳಕ್ಕೆ ಎಳೆಯುತ್ತದೆ, ಎರಡೂ ಒಂದನ್ನೊಂದು ತಡೆಯುತ್ತವೆ. ಕಟ್ಟಡಗಳ ಇತಿಹಾಸಕಾರ ಜೇಮ್ಸ್ ಫರ್ಗ್ಯುಸನ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ಯುಕ್ತಿಯನ್ನು ಮೆಚ್ಚಿ ಬರೆದಿದ್ದ. ಗೈಡುಗಳು ಇದನ್ನು ಜಗತ್ತಿನ ಎರಡನೆಯ ದೊಡ್ಡ ಗುಮ್ಮಟ ಎನ್ನುತ್ತಿದ್ದರು, ಮಕ್ಕಳು ಅದನ್ನೇ ನಿಬಂಧದಲ್ಲಿ ಬರೆದರು, ಗುರೂಜಿ ಪೂರ್ತಿ ಗುಣ ಕೊಟ್ಟರು. ರೋಮಿನ ಪ್ಯಾಂಥಿಯನ್, ಸೇಂಟ್ ಪೀಟರ್ ಇಗರ್ಜಿ, ಫ್ಲಾರೆನ್ಸಿನ ಕ್ಯಾಥೆಡ್ರಲ್ ಮೂರರ ಗುಮ್ಮಟಗಳೂ ಒಳವ್ಯಾಸದಲ್ಲಿ ಇದಕ್ಕಿಂತ ದೊಡ್ಡವು. ನೆಲದ ಹರವಿನ ಲೆಕ್ಕ ಬೇರೆ. ಅದರಲ್ಲಿ ಪ್ಯಾಂಥಿಯನ್ನನ್ನು ಗೋಳಗುಮ್ಮಟ ಮೀರಿಸುತ್ತದೆಂದು ಫರ್ಗ್ಯುಸನ್ನನೇ ಲೆಕ್ಕ ಹಾಕಿದ್ದ.

ಮೂಲೆಯ ಏಳಂತಸ್ತಿನ ಗೋಪುರದ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಗುಮ್ಮಟದ ಬುಡದಲ್ಲಿ ಒಳಸುತ್ತಿನ ಗ್ಯಾಲರಿ. ಇಲ್ಲಿ ಪಿಸುಗುಟ್ಟಿದ್ದು ಎದುರು ಗೋಡೆಯ ಬಳಿ ಕೇಳುತ್ತದೆ, ಒಂದು ಚಪ್ಪಾಳೆ ಏಳು ಸಲ ಮರಳುತ್ತದೆ. ಗೈಡು ಕಡ್ಡಿಪೆಟ್ಟಿಗೆ ಗೀರಿ, ಕಾಗದ ಹರಿದು ಸದ್ದು ತೋರಿಸುತ್ತಿದ್ದ. ಅವನ ಆಟ ಮುಗಿಯುವ ಮೊದಲೇ ನಾಲ್ಕು ಶಾಲೆಗಳ ಮಕ್ಕಳು ತಮ್ಮ ತಮ್ಮ ಹೆಸರನ್ನೂ ಶತ್ರುಗಳ ಅಡ್ಡಹೆಸರನ್ನೂ ಕೂಗಿ, ಗುಮ್ಮಟದಲ್ಲಿ ಸಂತೆಯ ಗದ್ದಲವೊಂದೇ ಉಳಿಯುತ್ತಿತ್ತು. ಸಹಲಕ್ಕೆ ಹೋಗಿ ಈ ಗ್ಯಾಲರಿಯಲ್ಲಿ ಪಿಸುಮಾತು ನಿಜವಾಗಿ ಕೇಳಿದ ಮಕ್ಕಳು ವಿರಳ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದೊಡನೆ ಹೋಗುವವರಿಗೆ ಆ ಭಾಗ್ಯ ಉಂಟು. ಮುಂದಿನ ನಗಾರಖಾನೆಯಲ್ಲಿ 1892ರಷ್ಟು ಹಿಂದೆ ತೆರೆದ ವಸ್ತುಸಂಗ್ರಹಾಲಯವಿದೆ. ಗುರೂಜಿ ಅದನ್ನು "ಒಳಗೇನಿಲ್ಲ, ಲಗೂ ನಡೀರಿ" ಎಂದು ದಾಟಿಸುತ್ತಿದ್ದರು.

ಜುಮ್ಮಾ ಮಸೀದಿ ಒಂದನೆಯ ಅಲಿ ಆದಿಲಶಹ 1576ರ ಹೊತ್ತಿಗೆ ಆರಂಭಿಸಿದ್ದು. ನೆಲದ ಮೇಲೆ ನಮಾಜಿಗೆ 2,250 ಮಂದಿಯ ಜಾಗ ಗುರುತು ಹಾಕಿಸಿದವನು ಔರಂಗಜೇಬ. ಮಕ್ಕಳು ಆ ಚೌಕಗಳನ್ನು ಎಣಿಸಲು ಹೋಗಿ ಬೈಸಿಕೊಂಡರು. ಅಸರ ಮಹಲಿನಲ್ಲಿ ಪೈಗಂಬರರ ಕೂದಲು ಇದೆಯೆಂಬ ನಂಬಿಕೆ. ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಹೇಗೋ ಮನೆಯವರನ್ನು ಒಪ್ಪಿಸಿ ಬಂದಿದ್ದ ಹೆಣ್ಣುಮಕ್ಕಳು ಹೊರಗಿನ ಹೊಂಡದ ದಂಡೆಯಲ್ಲಿ ಗಂಡುಹುಡುಗರ ಚಪ್ಪಲಿ ಕಾಯುತ್ತ ಕೂತರು. ಇದು ಸರಿಯೇ ಎಂದು ಆಗ ಯಾರೂ ಕೇಳಲಿಲ್ಲ. ಗುರೂಜಿಗಳಿಗೂ ಹೊಳೆದಂತಿಲ್ಲ.

ಬಾರಾ ಕಮಾನ ಎರಡನೆಯ ಅಲಿಯ ಅರ್ಧಕ್ಕೆ ನಿಂತ ಗೋರಿ. 1672ರಲ್ಲಿ ಅವನು ತೀರಿಕೊಂಡ ಮೇಲೆ ಕೆಲಸ ಮುಂದುವರಿಯಲಿಲ್ಲ. ಗಗನ ಮಹಲದ್ದು 1561ರ ಕಾಲ. ಅರವತ್ತು ಅಡಿಗೂ ಮಿಗಿಲಾದ ನಡುಗಮಾನಿನ ನೆರಳಿನಲ್ಲಿ ಬುತ್ತಿ ಬಿಚ್ಚುವುದು ರೂಢಿ. 1686ರಲ್ಲಿ ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿ ಸರಪಳಿಯಲ್ಲಿ ಔರಂಗಜೇಬನ ಮುಂದೆ ತಂದು ನಿಲ್ಲಿಸಿದ್ದು ಇಲ್ಲಿಯೇ ಎಂದು ಹೇಳಿದಾಗ, ಒಬ್ಬ ಹುಡುಗ ಸರಪಳಿ ಈಗ ಎಲ್ಲಿದೆ ಎಂದು ಕೇಳಿದ. ಆ ದಿನದ ಅತ್ಯುತ್ತಮ ಪ್ರಶ್ನೆ ಅದು. ಉತ್ತರ ಯಾರ ಬಳಿಯೂ ಇರಲಿಲ್ಲ.

ಸಮೀಪದ ಅರಕಿಲ್ಲೆಯಲ್ಲಿ ಕರೀಮುದ್ದೀನನ ಮಸೀದಿಯೊಂದಿದೆ, ಆದಿಲಶಾಹಿಗಿಂತ ಹಳೆಯದು. ಗುಡಿಯ ಕಂಬಗಳಿಂದ 1320ರಲ್ಲಿ ಎದ್ದ ಅದನ್ನು ಕಟ್ಟಿದವನು ಸಾಲೋಟಗಿಯ ರೇವಯ್ಯ ಎಂಬ ಬಡಗಿ ಎಂದು ಅಲ್ಲಿಯ ಶಾಸನ ಹೇಳುತ್ತದೆ. ಸಾಲೋಟಗಿ ಇಂಡಿ ತಾಲೂಕಿನ ಊರು. ಬಸ್ಸಿನ ಮಕ್ಕಳಲ್ಲಿ ಆ ಕಡೆ ಸೋದರಮಾವನ ಮನೆ ಇದ್ದವರಿದ್ದರು. ಸುಲ್ತಾನರ ಹೆಸರುಗಳ ನಡುವೆ ತಮ್ಮ ಸೀಮೆಯ ಕೆಲಸಗಾರನೊಬ್ಬನ ಹೆಸರು ಕಲ್ಲಿನ ಮೇಲಿದೆ ಎಂಬುದು ಅವರಿಗೆ ತಿಳಿಯಲಿಲ್ಲ, ಪಟ್ಟಿಯಲ್ಲಿ ಆ ಮಸೀದಿ ಇರಲಿಲ್ಲ.

ಮುಲ್ಕ್ ಮೈದಾನ ತೋಪು ಹುಡುಗರ ತೀರ್ಥ. 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್, ಉದ್ದ ಹದಿನಾಲ್ಕು ಅಡಿ, ಬಾಯಿಯಲ್ಲಿ ಆನೆಯನ್ನು ನುಂಗುವ ಸಿಂಹದ ಮುಖ. 1632ರಲ್ಲಿ ಪರಂಡಾ ಕೋಟೆಯಿಂದ ತಂದು ಶೇರ್ಜಾ ಬುರುಜಿನ ಮೇಲೆ ಕೂರಿಸಿದರು. 1854ರಲ್ಲಿ ಇಂಗ್ಲಿಷ್ ಅಧಿಕಾರಿಗಳು ಇದನ್ನು ಹಳೆಯ ಲೋಹವೆಂದು ಹರಾಜಿಗಿಟ್ಟಾಗ ಬಂದ ಹೆಚ್ಚಿನ ಸವಾಲು 150 ರೂಪಾಯಿ. ಇಷ್ಟು ಕಡಿಮೆಗೆ ಮಾರುವುದೆಂತೆಂದು ಒಬ್ಬ ಅಧಿಕಾರಿ ತಡೆದದ್ದರಿಂದ ಅದು ಉಳಿಯಿತು. ಉಪಲಿ ಬುರುಜು 1584ರಲ್ಲಿ ಹೈದರಖಾನ ಕಟ್ಟಿಸಿದ ಎಂಬತ್ತು ಅಡಿ ಎತ್ತರದ ಗುಂಡು ಗೋಪುರ. ಹೊರಮೈಯ ಮೆಟ್ಟಿಲನ್ನು ಓಡಿ ಹತ್ತಿ ಓಡಿ ಇಳಿದದ್ದಷ್ಟೇ ನೆನಪು.

ಇಬ್ರಾಹಿಂ ರೋಜಾ ಬರುವ ಹೊತ್ತಿಗೆ ಮಕ್ಕಳ ಕಾಲು ಸೋತಿರುತ್ತಿದ್ದವು. ಇದು ಸಹಲದ ಕ್ರಮದಲ್ಲಿರುವ ದೊಡ್ಡ ದೋಷ, ಏಕೆಂದರೆ ಊರಿನ ಅತಿ ಚೆಲುವಾದ ಕಟ್ಟಡ ಇದೇ. ಎರಡನೆಯ ಇಬ್ರಾಹಿಂ ಆದಿಲಶಹ (1580–1627) ತನ್ನ ರಾಣಿ ತಾಜ್ ಸುಲ್ತಾನಾಳಿಗೆಂದು ಕಟ್ಟಿಸತೊಡಗಿ ಕೊನೆಗೆ ತಾನೂ ಅಲ್ಲೇ ಮಣ್ಣಾದ. ಶಿಲ್ಪಿ ಮಲಿಕ್ ಸಂದಲ. ಗೋಳಗುಮ್ಮಟ ಗಾತ್ರದಿಂದ ಬಾಯಿ ಮುಚ್ಚಿಸುತ್ತದೆ. ಇದು ಕಿಟಕಿಯ ಜಾಲರಿಯಲ್ಲಿ ಅಕ್ಷರಗಳನ್ನೇ ಕೊರೆದು ಬೆಳಕನ್ನು ಒಳಗೆ ಬಿಡುತ್ತದೆ. ದಖನಿಯಲ್ಲಿ 'ಕಿತಾಬ್-ಎ-ನವರಸ್' ಬರೆದ, ಸರಸ್ವತಿಯನ್ನೂ ಗಣಪತಿಯನ್ನೂ ಹಾಡಿದ, ಜನರ ಬಾಯಲ್ಲಿ ಜಗದ್ಗುರು ಬಾದಶಹನಾದ ಸುಲ್ತಾನ ಇವನೇ ಎಂಬುದನ್ನು ಹೇಳಲು ಗುರೂಜಿಗೆ ಹೊತ್ತಿರಲಿಲ್ಲ. ಹೊತ್ತಿದ್ದರೂ ಹೇಳುತ್ತಿದ್ದರೇ ಎಂಬುದು ಬೇರೆ ಮಾತು.

ಮಕ್ಕಳು ಬಂದದ್ದು ಮಹಾರಾಷ್ಟ್ರದ ಪಠ್ಯಪುಸ್ತಕ ಓದಿಕೊಂಡು. ನಾಲ್ಕನೇ ಇಯತ್ತೆಯ ಇತಿಹಾಸವೆಂದರೆ ಶಿವಾಜಿ ಮಹಾರಾಜರ ಚರಿತ್ರೆ, ಪುಣೆಯ ಬಾಲಭಾರತಿ ಅದನ್ನು ಕನ್ನಡದಲ್ಲೂ ಅಚ್ಚು ಹಾಕುತ್ತಿತ್ತು. ಅದರಲ್ಲಿ ವಿಜಾಪುರ ಎಂದರೆ ವೈರಿಯ ದರಬಾರು. 1659ರಲ್ಲಿ ಅಫಜಲಖಾನ ಶಿವಾಜಿಯ ಮೇಲೆ ಹೊರಟದ್ದು ಇಲ್ಲಿಂದ. ಹುಡುಗರು ಗಗನ ಮಹಲಿನಲ್ಲಿ ಅವನು ವೀಳ್ಯ ಎತ್ತಿದ ಜಾಗ ಯಾವುದೆಂದು ಹುಡುಕಿದರು, ಬುರುಜಿನ ಮೇಲೆ ಜೈಕಾರ ಹಾಕಿದರು. ಅಲ್ಲಿಯ ಮಕ್ಕಳು ತಮ್ಮೂರಿನ ಕಟ್ಟಡವೆಂದು ಬೀಗುತ್ತ ತೋರಿಸಿದ್ದನ್ನು ಇವರು ಗೆದ್ದ ಕೋಟೆಯೆಂಬಂತೆ ನೋಡಿದರು. ಅದೇ ದಿನ ಸಂಜೆ ಬಂದ ಟಾಂಗಾವಾಲಾ ಮುಸಲ್ಮಾನ ಅಜ್ಜ, ತಲೆ ತಿರುಗಿ ಬಿದ್ದ ಹುಡುಗನನ್ನು ದುಡ್ಡು ಕೇಳದೆ ಬಸ್ ನಿಲ್ದಾಣದವರೆಗೆ ಬಿಟ್ಟುಬಂದ. "ಜತ್ತ ಕಡೆಯವರೇನು? ನಮ್ಮ ಮಂದೀನs ಬಿಡ್ರಿ" ಎಂದಿದ್ದ. ಅವನ ಮಾತನ್ನೂ ಪುಸ್ತಕದ ಮಾತನ್ನೂ ಹೇಗೆ ಕೂಡಿಸುವುದೆಂದು ಯಾರಿಗೂ ತೋಚಲಿಲ್ಲ, ಆದ್ದರಿಂದ ನಿಬಂಧದಲ್ಲಿ ಅವನು ಬರಲಿಲ್ಲ.

ಇನ್ನು ನೋಡದೆ ಬಿಟ್ಟದ್ದು. ಉಪಲಿ ಬುರುಜಿನಿಂದ ಇಬ್ರಾಹಿಂ ರೋಜಾಕ್ಕೆ ಹೋಗುವಾಗ ಅಲ್ಲಿಯೇ ಸನಿಹದಲ್ಲಿ ತಾಜ್ ಬಾವಡಿ ಸಿಗುತ್ತದೆ. 1620ರಲ್ಲಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಕಟ್ಟಿದ್ದು: ಇನ್ನೂರು ಅಡಿಗೂ ಮಿಗಿಲು ಅಗಲದ ಚೌಕ, ಐವತ್ತು ಅಡಿ ಆಳ, ಎದುರಿಗೆ ಎರಡು ಗೋಪುರಗಳ ನಡುವೆ ದೊಡ್ಡ ಕಮಾನು. ಆಗ ಅದರ ನೀರು ಹಸಿರುಗಟ್ಟಿ, ಮುಳುಗಿಸಿದ ಗಣಪತಿಗಳ ಕಟ್ಟಿಗೆ ತೇಲುತ್ತಿತ್ತು. ಗುರೂಜಿ ಮೂಗು ಮುಚ್ಚಿಕೊಂಡು ಮುಂದೆ ನಡೆಸಿದರು. ಊರ ನಡುವೆ ಅಲ್ಲಲ್ಲಿ ನಿಂತ ಚೌಕದ ಮೊಂಡು ಗೋಪುರಗಳನ್ನು ಮಕ್ಕಳು ಮುರಿದ ಮಿನಾರುಗಳೆಂದುಕೊಂಡರು. ಅವು ಗಂಜ್, ಅಂದರೆ ಜಲಗೋಪುರ. ಹರಿದು ಬರುವ ನೀರಿನ ಒತ್ತಡ ಇಳಿಸಿ, ಕೆಸರು ತಳಕ್ಕೆ ಕೂರಿಸಿ, ತಿಳಿನೀರನ್ನು ಮುಂದಿನ ಕೊಳವೆಗೆ ಕಳಿಸುವುದು ಅವುಗಳ ಕೆಲಸ.

ನೀರು ಬರುತ್ತಿದ್ದದ್ದು ಎರಡು ದಿಕ್ಕಿನಿಂದ. ಪಶ್ಚಿಮದ ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ತಂದದ್ದು ಒಂದು. ಇದು ಒಂದನೆಯ ಅಲಿಯ ಕಾಲದಲ್ಲಿ (1558–1580) ಆರಂಭವಾಗಿ ಇಬ್ರಾಹಿಂನ ಕಾಲದಲ್ಲಿ ಬೆಳೆಯಿತು. ಇರಾನಿನಲ್ಲಿ ಕರೇಜ್ ಎನ್ನುವ ವಿಧಾನವಿದು. ಎತ್ತರದ ಜಾಗದಲ್ಲಿ ಅಂತರ್ಜಲ ಹಿಡಿದು, ಕಣ್ಣಿಗೆ ಕಾಣದಷ್ಟು ಇಳಿಜಾರಿನ ಸುರಂಗದಲ್ಲಿ ಅದು ತಾನಾಗಿ ಹರಿದುಬರುವಂತೆ ಮಾಡುತ್ತಾರೆ. ಮಣ್ಣೆತ್ತಲು, ಗಾಳಿಯಾಡಲು, ದುರಸ್ತಿಗೆ ಇಳಿಯಲು ನಡುನಡುವೆ ಬಾವಿಯಂಥ ಕಿಂಡಿಗಳು. ಸುರಂಗ ಬಾವಡಿ ಈ ಜಾಲದ ಭಾಗ. ಮಟ್ಟದ ಲೆಕ್ಕ ಒಂದಿಷ್ಟು ತಪ್ಪಿದರೂ ನೀರು ನಿಲ್ಲುತ್ತದೆ ಅಥವಾ ಗೋಡೆ ಕೊರೆಯುತ್ತದೆ. ಗೋಳಗುಮ್ಮಟ ಕಟ್ಟಿದ್ದಕ್ಕಿಂತ ಇದು ಸಣ್ಣ ಜಾಣ್ಮೆಯೇನಲ್ಲ. ಇನ್ನೊಂದು ನೀರು ದಕ್ಷಿಣದ ಬೇಗಂ ತಲಾಬಿನದು. ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ 1651ರಲ್ಲಿ ಅದನ್ನು ಊರಿಗೆ ತಂದವನ ಹೆಸರು ಶಾಸನದಲ್ಲಿದೆ: ಅಫಜಲಖಾನ. ನಾಲ್ಕನೇ ಇಯತ್ತೆಯ ಪುಸ್ತಕದ ಅದೇ ಖಾನ.

ಬಾಲಗಾಂವದ ಕಡೆಯ ಮಕ್ಕಳಿಗೆ ಈ ನೀರಿನ ಜಾಲವನ್ನು ತೋರಿಸದೆ ಇದ್ದದ್ದು ಬೇರೆಯವರಿಗೆ ತೋರಿಸದಂತಲ್ಲ. ಜತ್ತ ಮಳೆನೆರಳಿನ ತಾಲೂಕು. ಸಹಲ ಹೋಗುವ ಡಿಸೆಂಬರ್‌ನಲ್ಲೇ ಹಳ್ಳದ ಹರಿವು ನಿಂತಿರುತ್ತಿತ್ತು, ಶಿವರಾತ್ರಿಯ ಹೊತ್ತಿಗೆ ಬಾವಿಗಳ ತಳ ಕಾಣುತ್ತಿತ್ತು, ಆಮೇಲೆ ಟ್ಯಾಂಕರಿನ ದಾರಿ ಕಾಯುವುದು. 1972ರ ಬರದಲ್ಲಿ ಅವರ ತಂದೆತಾಯಿಗಳು ಸರಕಾರಿ ಕಾಮಗಾರಿಯಲ್ಲಿ ಖಡಿ ಒಡೆದವರು. ಇಂಥದೇ ಒಣ ಸೀಮೆಯಲ್ಲಿ, ವಿದ್ಯುತ್ತಿನ ಪಂಪು ಇಲ್ಲದೆ, ಒಂದು ದೊಡ್ಡ ಪಟ್ಟಣಕ್ಕೆ ನೀರುಣಿಸಿದ ವ್ಯವಸ್ಥೆಯ ಮೇಲೆಯೇ ನಡೆದಾಡಿ, ಗಗನ ಮಹಲಿನ ಹುಲ್ಲಿನ ಮೇಲೆ ಕೂತು ಮನೆಯಿಂದ ತಂದ ತಂಬಿಗೆಯ ನೀರನ್ನು ಅಳೆದು ಕುಡಿದು, ಅವರು ಮರಳಿದರು. ಗುರೂಜಿಯನ್ನು ಇದಕ್ಕಾಗಿ ಹಳಿಯುವುದು ನ್ಯಾಯವಲ್ಲ. ಸೀಟಿ ಊದುತ್ತ, ತಲೆ ಎಣಿಸುತ್ತ, ಪಟ್ಟಿ ಕೊಡಲಾಗದ ಒಂದಿಬ್ಬರ ದುಡ್ಡನ್ನು ಕೈಯಿಂದ ಹಾಕಿ, ಕಳೆದುಹೋದ ಚಪ್ಪಲಿ ಹುಡುಕಿಸಿದ ಅವರಿಗೂ ಯಾರೂ ಇದನ್ನು ಹೇಳಿರಲಿಲ್ಲ. ಪ್ರವಾಸಿ ನಕಾಶೆಯಲ್ಲಿ ಗೋರಿ ಇತ್ತು, ಕೊಳವೆ ಇರಲಿಲ್ಲ.

ಈಗ ಬದಲಾದದ್ದು ಹಲವು. ಮೀಟರ್‌ಗೇಜಿನ ರೈಲು ಹೋಗಿದೆ, ಟಾಂಗಾ ಅಪರೂಪವಾಗಿದೆ. ಜತ್ತದ ಹೊಲಗಳಲ್ಲಿ ದ್ರಾಕ್ಷಿ, ದಾಳಿಂಬೆಯ ತೋಟಗಳೆದ್ದಿವೆ, ಇನ್ನೊಂದೆಡೆ ನೀರಿನ ಕೂಗು ನಿಂತಿಲ್ಲ. 2022ರಲ್ಲಿ ಗಡಿ ವಿವಾದ ಮತ್ತೆ ಎದ್ದಾಗ ಜತ್ತದ ಹಳ್ಳಿಗಳ ಹೆಸರು ಸುದ್ದಿಯಾದದ್ದು ನೀರಿನ ಕಾರಣಕ್ಕೇ. ಬಹಳ ಮನೆಗಳವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕುತ್ತಾರೆ. ಬೋರ್ಡು ಓದಿ ಕುಣಿಯುವ ಮಕ್ಕಳು ಕಡಿಮೆ. ಸಹಲಗಳು ಆಲಮಟ್ಟಿಯ ಉದ್ಯಾನದ ಕಡೆ ತಿರುಗಿವೆ, ವಿಜಯಪುರ ದಾರಿಯ ಮೇಲಿನ ಎರಡು ತಾಸಿನ ನಿಲುಗಡೆ. ಕಳೆದ ದಶಕದಲ್ಲಿ ತಾಜ್ ಬಾವಡಿಯನ್ನೂ ಊರಿನ ಇತರ ಹಳೆಯ ಬಾವಡಿಗಳನ್ನೂ ಹೂಳು ತೆಗೆದು ಶುಚಿ ಮಾಡಲಾಯಿತು. ಈಗ ಅಲ್ಲಿ ನಿಂತು ನೋಡಬಹುದು.

ತೊರವಿ ಇನ್ನೂ ಸಹಲದ ಪಟ್ಟಿಗೆ ಬಂದಿಲ್ಲ. ಅಥಣಿ ರಸ್ತೆಯಲ್ಲಿ ಊರು ಬಿಟ್ಟ ಸ್ವಲ್ಪ ಹೊತ್ತಿಗೆ ಸಿಗುವ ಹಳ್ಳಿ ಅದು. ಕನ್ನಡದ ಪುಸ್ತಕದಲ್ಲಿ ಹೆಸರಷ್ಟೇ ಕಂಠಪಾಠ ಮಾಡಿದ 'ತೊರವೆ ರಾಮಾಯಣ'ದ ತೊರವೆ ಇದೇ. ಕುಮಾರ ವಾಲ್ಮೀಕಿ ಕಾವ್ಯವನ್ನು ಅಂಕಿತ ಮಾಡಿದ ನರಸಿಂಹನ ಗುಡಿ ಇಲ್ಲಿಯೇ ಇದೆ. ಇಬ್ರಾಹಿಂ 1599ರಲ್ಲಿ ಕಟ್ಟಲು ತೊಡಗಿದ, 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಸಿಕ್ಕು ಹಾಳಾದ ನವರಸಪುರದ ಅವಶೇಷಗಳು, ಸಂಗೀತ ಮಹಲು, ಸುರಂಗದ ನೀರಿನ ಮೂಲ ಎಲ್ಲವೂ ಈ ಪರಿಸರದಲ್ಲಿವೆ. ಗೋಳಗುಮ್ಮಟಕ್ಕೆ ಬೆಳಿಗ್ಗೆ ಆರಕ್ಕೇ ಹೋಗಿ, ಇಬ್ರಾಹಿಂ ರೋಜಾವನ್ನು ಮಧ್ಯಾಹ್ನಕ್ಕೆ ಮೊದಲು ನೋಡಿ, ಉಪಲಿ ಬುರುಜನ್ನು ಬೇಕಾದರೆ ಕೈಬಿಟ್ಟರೆ, ತಾಜ್ ಬಾವಡಿಗೂ ತೊರವಿಗೂ ಒಂದೇ ದಿನದಲ್ಲಿ ಹೊತ್ತು ಸಿಗುತ್ತದೆ. ವಸ್ತುಸಂಗ್ರಹಾಲಯವನ್ನೂ ಸೇರಿಸುವುದಾದರೆ ಶುಕ್ರವಾರ ಬಿಟ್ಟು ಹೋಗಬೇಕು, ಅಂದು ಅದಕ್ಕೆ ರಜೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪುರಾತತ್ವ ಇಲಾಖೆಯ ಟಿಕೆಟ್ ಇಲ್ಲ.